ತಿರುಗಿ ನೋಡದ ದೊಡ್ಡಮ್ಮ

ನನ್ನ ಸೋದರಮಾವ ಮೂವತ್ತೊಂದು ವರ್ಷ ಕೆಲಸ ಮಾಡಿದ್ದು ಯಾವ ರೋಗಿಯೂ ಕಾಲಿಡದ, ಎಷ್ಟೋ ಡಾಕ್ಟರುಗಳೂ ನೋಡಿರದ ಒಂದು ಜಾಗದಲ್ಲಿ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆ ಅದು. ಮೇಲೆ ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮುಟ, ಕೊಕ್ಕೆಗಳೆಲ್ಲ ರಕ್ತ ಮೆತ್ತಿಕೊಂಡು ಅಲ್ಲಿಗೆ ಇಳಿದು ಬರುತ್ತವೆ. ಅವನ್ನು ತೊಳೆದು, ಒರೆಸಿ, ಟ್ರೇಗಳಲ್ಲಿ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಗೋಡೆಯ ನಡುವೆ ಕೂರಿಸಿದ ಆಳೆತ್ತರದ ಯಂತ್ರದೊಳಕ್ಕೆ ತಳ್ಳುತ್ತಾರೆ. ಹಬೆಯಲ್ಲಿ ಬೆಂದ ಟ್ರೇಗಳು ಗೋಡೆಯ ಆಚೆಯ ಬಾಗಿಲಿನಿಂದ ಹೊರಬರುತ್ತವೆ. ಈಚೆಯದು ಕೊಳಕು ಮಗ್ಗುಲು, ಆಚೆಯದು ಶುದ್ಧ ಮಗ್ಗುಲು. ಮಾವ ಮನೆಯಲ್ಲೂ ಹಾಗೆಯೇ ಮಾತಾಡುತ್ತಿದ್ದ. ಅತ್ತೆ ಒಗೆಯದ ಬಟ್ಟೆಯನ್ನು ಮಂಚದ ಮೇಲಿಟ್ಟರೆ, ಇದು ಶುದ್ಧ ಮಗ್ಗುಲು ಎಂದು ತಕರಾರು ತೆಗೆಯುತ್ತಿದ್ದ. ಹಾಗಾದರೆ ನೀವು ಇವತ್ತು ಅಡುಗೆಮನೆಯಲ್ಲಿ ಮಲಗಿ ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು.

ಅಲ್ಲಿಗೆ ಸೇರುವ ಮೊದಲು ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದ. ಅಂಗಡಿ ಮುಚ್ಚಿತು. ಇಪ್ಪತ್ತಾರು ವರ್ಷದವನು, ಹೊಸದಾಗಿ ಮದುವೆಯಾಗಿದ್ದ. ಆಸ್ಪತ್ರೆಯಲ್ಲಿ ಕೆಲಸ ಇದೆಯೆಂದು ಯಾರೋ ಹೇಳಿದ್ದರಿಂದ ಹೋದ. ನೆಲಮಾಳಿಗೆಯ ಮೇಲ್ವಿಚಾರಕಿ ಅವನನ್ನು ಏನೂ ಕೇಳಲಿಲ್ಲ. ಒಂದು ಡಬ್ಬಿ ತುಂಬ ಕತ್ತರಿಗಳನ್ನು ಮುಂದೆ ಸುರಿದು, ಜಾತಿವಾರು ಜೋಡಿಸು ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದರು. ಮಾವ ಜೋಡಿಸಿದ. ಒಂದು ಕತ್ತರಿಯನ್ನು ಮಾತ್ರ ಪಕ್ಕಕ್ಕಿಟ್ಟ. ಆಕೆ ಬಂದು ಅದನ್ನೆತ್ತಿ, ಬೆಳಕಿಗೆ ಹಿಡಿದು, ಮುಚ್ಚಿ ತೆರೆದು ನೋಡಿದರು. ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು. ನಾಳೆಯಿಂದ ಬಾ ಎಂದರು.

ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮದುವೆಯಾದವರಲ್ಲ, ಮಕ್ಕಳಿಲ್ಲ, ಎತ್ತರ ನೋಡಿದರೆ ಐದಡಿಯೂ ಇಲ್ಲ. ಮೇಲಿನ ಅಟ್ಟಣಿಗೆಯ ಟ್ರೇ ತೆಗೆಯಲು ಅವರಿಗೆ ಸ್ಟೂಲು ಬೇಕಿತ್ತು. ಆದರೂ ಅವರು ಕೋಣೆಗೆ ಬಂದರೆ ಕೋಣೆಯೇ ನೆಟ್ಟಗೆ ಕೂತಂತಾಗುತ್ತಿತ್ತಂತೆ. ಗದರುತ್ತಿರಲಿಲ್ಲ. ಯಾರನ್ನಾದರೂ ತಿದ್ದಬೇಕಾದರೆ ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ಎರಡೇ ಮಾತಿನಲ್ಲಿ ಮುಗಿಸಿ ಬರುತ್ತಿದ್ದರು. ಹೊಗಳುವಾಗ ಮಾತ್ರ ಎಲ್ಲರ ಎದುರಿಗೇ. ವಾರಕ್ಕೊಂದು ದಿನ ತಾವೇ ಕೊಳಕು ಮಗ್ಗುಲಿನಲ್ಲಿ ನಿಂತು ರಕ್ತದ ಟ್ರೇ ತೊಳೆಯುತ್ತಿದ್ದರು. ಆ ದಿನ ಯಾರು ಏನು ಕೇಳಲು ಬಂದರೂ, ನಾನಿವತ್ತು ತೊಳೆಯುವವಳು, ಮೇಲ್ವಿಚಾರಕಿ ರಜೆ ಎನ್ನುತ್ತಿದ್ದರು.

ಒಮ್ಮೆ ಮೇಲಿನಿಂದ ಸರ್ಜನ್ ಒಬ್ಬರು ಫೋನ್ ಮಾಡಿ, ಟ್ರೇ ತಡವಾಯಿತೆಂದು ಸಿಕ್ಕಾಪಟ್ಟೆ ಕೂಗಾಡಿದರು. ಫೋನ್ ಎತ್ತಿದ್ದ ಹೆಂಗಸು ಸಾರಿ ಸರ್, ಸಾರಿ ಸರ್ ಎನ್ನುತ್ತಲೇ ಇದ್ದಳು. ದೊಡ್ಡಮ್ಮ ಫೋನ್ ಇಸಿದುಕೊಂಡರು. "ಡಾಕ್ಟ್ರೇ, ಏನಿದ್ರೂ ನನಗೆ ಹೇಳಿ. ಇವರ ಕಿವಿ ಯಂತ್ರದ ಸದ್ದು ಕೇಳೋಕೆ ಬೇಕು" ಎಂದು ಮೆತ್ತಗೆ ಹೇಳಿ, ಅವರು ಪೂರ್ತಿ ಕೂಗಿ ಮುಗಿಸುವವರೆಗೂ ಕೇಳಿಸಿಕೊಂಡು, ಇನ್ನೆಷ್ಟು ನಿಮಿಷ ಬೇಕೆಂದು ತಿಳಿಸಿ ಇಟ್ಟರು. ಆಮೇಲೆ ಆ ಹೆಂಗಸಿಗೆ ಚಹಾ ಕುಡಿದು ಬಾ ಎಂದು ಹೇಳಿ, ಅವಳ ಜಾಗದಲ್ಲಿ ತಾವು ನಿಂತರು.

ಹೊಸಬರನ್ನು ಮೊದಲ ವಾರವೇ ಮೇಲಕ್ಕೆ ಕರೆದುಕೊಂಡು ಹೋಗಿ, ಗಾಜಿನಾಚೆಯಿಂದ ಒಂದು ಆಪರೇಷನ್ ತೋರಿಸುವುದು ಅವರ ಪದ್ಧತಿ. ಮಾವನನ್ನೂ ಕರೆದುಕೊಂಡು ಹೋಗಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ ಹೊದ್ದು ಮಲಗಿದ್ದವರ ಮುಖ ಕಾಣಿಸುತ್ತಿರಲಿಲ್ಲ, ಒಂದು ಪಾದ ಮಾತ್ರ ಹೊರಗಿತ್ತು.

"ಅವರಿಗೆ ಎಚ್ಚರ ಇಲ್ಲ" ಎಂದರು ದೊಡ್ಡಮ್ಮ. "ಈ ಕತ್ತರಿ ಶುದ್ಧವಾಗಿದೆಯಾ ಅಂತ ಕೇಳೋಕೆ ಅವರ ಕೈಲಿ ಆಗಲ್ಲ. ಅವರ ಪರವಾಗಿ ನೀನು ಕೇಳ್ಬೇಕು."

ಕೇಳುವ ವಿಧಾನ ಬಲು ಸರಳ. ಪ್ರತಿ ಸಲ ಯಂತ್ರ ತುಂಬಿದಾಗಲೂ ನಟ್ಟನಡುವೆ ಒಂದು ಪರೀಕ್ಷೆಯ ಗಂಟು ಇಡುತ್ತಾರೆ. ಅದರ ಹೊಟ್ಟೆಯೊಳಗೆ ಒಂದು ಕಾಗದದ ಪಟ್ಟಿ. ಹಬೆ ಸರಿಯಾಗಿ ಒಳಹೊಕ್ಕರೆ ಪಟ್ಟಿ ಕಪ್ಪಾಗುತ್ತದೆ, ಇಲ್ಲವಾದರೆ ತಿಳಿಹಳದಿಯಾಗಿಯೇ ಉಳಿಯುತ್ತದೆ. ಗಂಟು ಬಿಚ್ಚಿ, ಪಟ್ಟಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ಟ್ರೇಗಳು ಮೇಲೆ ಹೋಗಬೇಕು. ಪಟ್ಟಿ ಬಿಳಚಿದ್ದರೆ ಅಷ್ಟನ್ನೂ ಮತ್ತೆ ಸುತ್ತಿ ಮತ್ತೆ ಬೇಯಿಸಬೇಕು.

ಹನ್ನೊಂದು ವರ್ಷ ಮಾವ ಅದನ್ನು ತಪ್ಪಿಲ್ಲದೆ ಮಾಡಿದ. ಹನ್ನೆರಡನೆಯ ವರ್ಷ ಒಂದು ದಿನ ಮಾವನ ಮನೆ ಬದಲಾಯಿಸುವುದಿತ್ತು. ನಾಲ್ಕು ಗಂಟೆಗೆ ಲಾರಿ ಬರುತ್ತದೆ, ಅತ್ತೆ ಒಬ್ಬರೇ, ಎರಡು ಮಕ್ಕಳು, ಮೂರನೇ ಮಹಡಿಯಿಂದ ಬೀರು ಇಳಿಸಬೇಕು. ಕೆಲಸಕ್ಕೆ ಆ ವಾರ ಇಬ್ಬರು ಬಂದಿರಲಿಲ್ಲ. ಮೂರೂಮುಕ್ಕಾಲಿಗೆ ಯಂತ್ರದ ಹಸಿರು ದೀಪ ಹತ್ತಿತು. ಮಾವ ಬಾಗಿಲು ತೆರೆದು, ಹತ್ತೊಂಬತ್ತು ಟ್ರೇಗಳನ್ನು ಗಾಡಿಗೆ ಏರಿಸಿ, ಗಂಟನ್ನು ಬಿಚ್ಚದೆ ಬುಟ್ಟಿಗೆ ಹಾಕಿ, ಸಹಿ ಮಾಡಿ ಹೊರಟ. ಹನ್ನೊಂದು ವರ್ಷ ಒಂದು ಪಟ್ಟಿಯೂ ಅವನ ಕಣ್ಣೆದುರು ಬಿಳಚಿರಲಿಲ್ಲ.

ಮಾರನೆಯ ಬೆಳಗ್ಗೆ ಎಂಟು ಗಂಟೆಗೆ ದೊಡ್ಡಮ್ಮ ದಿನದಂತೆ ಹಿಂದಿನ ದಿನದ ಪಟ್ಟಿಗಳನ್ನು ಪುಸ್ತಕಕ್ಕೆ ಅಂಟಿಸಲು ಕೂತರು. ಒಂದು ಗಂಟು ಕಟ್ಟಿದಂತೆಯೇ ಇತ್ತು. ಬಿಚ್ಚಿದರು. ಪಟ್ಟಿ ತಿಳಿಹಳದಿ.

ಆಗಷ್ಟೇ ಒಳಬಂದ ಮಾವ ಅದನ್ನು ನೋಡಿದ. ಆಕೆ ಫೋನಿಗೆ ಕೈ ಹಾಕಿದರು. ಅರ್ಧ ಗಂಟೆಯಲ್ಲಿ ಹದಿನೆಂಟು ಟ್ರೇ ಸುತ್ತಿದ್ದು ಸುತ್ತಿದ ಹಾಗೆಯೇ ವಾಪಸು ಬಂದವು. ಹತ್ತೊಂಬತ್ತನೆಯದು ಹಿಂದಿನ ಸಂಜೆಯೇ ಬಳಕೆಯಾಗಿತ್ತು. ಟೆಲಿಫೋನ್ ಕಂಬದಿಂದ ಬಿದ್ದು ಮಂಡಿ ಮುರಿದುಕೊಂಡಿದ್ದ ಲೈನ್‌ಮ್ಯಾನ್ ಒಬ್ಬನಿಗೆ ತುರ್ತು ಆಪರೇಷನ್ ಆಗಿತ್ತು.

ಆರನೆಯ ದಿನ ಅವನ ಮಂಡಿಯಲ್ಲಿ ಕೀವಾಯಿತು. ಮತ್ತೆರಡು ಆಪರೇಷನ್ ಆದವು. ಕಾಲು ಉಳಿಯಿತು, ಆದರೆ ಮಂಡಿ ಮಡಚುವಂತಿಲ್ಲ. ಟ್ರೇಯಿಂದಲೇ ಆಗಿರಬಹುದು, ಬಿದ್ದ ಗಾಯದ ಮಣ್ಣಿನಿಂದಲೂ ಆಗಿರಬಹುದು ಎಂದರು ಡಾಕ್ಟರುಗಳು. ಮಾವನ ಕಿವಿಗೆ ಆ ಎರಡನೆಯ ಮಾತು ಯಾವತ್ತೂ ಬೀಳಲೇ ಇಲ್ಲ.

ವಿಚಾರಣೆ ನಡೆಯಿತು. ಮಾವ ಸಹಿ ತನ್ನದೇ ಎಂದು ಒಪ್ಪಿಕೊಂಡ. ಅವನನ್ನು ತೆಗೆದುಹಾಕಿದರೆ ಮುಗಿಯಿತು ಎಂಬಂತೆ ಅಧಿಕಾರಿಗಳು ಕಾಗದ ಎತ್ತಿಡಲು ಹೊರಟಾಗ ದೊಡ್ಡಮ್ಮ ಎದ್ದು ನಿಂತರು. ಸಹಿ ಅವನದು, ಕೋಣೆ ನನ್ನದು ಎಂದರು. ಇಬ್ಬರು ಕಡಿಮೆ ಇದ್ದಾರೆಂದು ಗೊತ್ತಿದ್ದೂ ಕೆಲಸ ಓಡಿಸಿದವಳು ನಾನು. ಯಂತ್ರ ತುಂಬುವವನೂ ಪಟ್ಟಿ ನೋಡಿ ಟ್ರೇ ಬಿಡುವವನೂ ಒಬ್ಬನೇ ಎಂಬ ಏರ್ಪಾಡು ಮಾಡಿದವಳು ನಾನು. ಆ ತಿಂಗಳು ಯಂತ್ರ ಎರಡು ಸಲ ಕೆಮ್ಮಿದ್ದನ್ನು ಕೇಳಿಯೂ ನಿಲ್ಲಿಸದವಳು ನಾನು. ಇವನನ್ನು ಕಳಿಸಿದರೆ ಇನ್ನೊಬ್ಬ ಬರುತ್ತಾನೆ, ಏರ್ಪಾಡು ಹಾಗೆಯೇ ಇರುತ್ತದೆ. ಇದನ್ನೆಲ್ಲ ಅವರು ಬರೆದುಕೊಟ್ಟು ಸಹಿಯನ್ನೂ ಹಾಕಿದರು. ಒಂದು ಸುಳ್ಳೂ ಅದರಲ್ಲಿರಲಿಲ್ಲ. ಮಾವನ ಕೆಲಸ ಉಳಿಯಿತು. ದೊಡ್ಡಮ್ಮನನ್ನು ಹಿಂಭಾಗದ ಬಟ್ಟೆ ಉಗ್ರಾಣಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷ ನೆಲಮಾಳಿಗೆ ಆಳಿದವರು ದಿಂಬಿನ ಕವರು ಎಣಿಸಲು ಕೂತರು.

ಹೋಗುವ ಮೊದಲು ಅವರು ಮಾವನಿಗೆ ಒಂದೇ ಒಂದು ವಿಷಯ ಕೇಳಿದರು. ಲೈನ್‌ಮ್ಯಾನ್ ಮೂರನೆಯ ಮಹಡಿಯ ವಾರ್ಡಿನಲ್ಲಿದ್ದಾನೆ, ನಾನು ಹೋಗಿ ನಡೆದದ್ದು ಹೇಳುತ್ತೇನೆ, ನೀನೂ ಬಾ ಎಂದರು.

"ನಾನು ಜೊತೆಗಿರ್ತೀನಿ. ನೀನು ಒಂದು ಮಾತು ಹೇಳಿದ್ರೆ ಸಾಕು."

ಮಾವ ಹೋದ. ಮೂರನೆಯ ಮಹಡಿಯವರೆಗೂ ಹೋದ. ವಾರ್ಡಿನ ಬಾಗಿಲಿನಲ್ಲಿ, ಮಂಚದ ತುದಿಗೆ ಕಟ್ಟಿ ನೇತುಹಾಕಿದ್ದ ಕಾಲು ಕಣ್ಣಿಗೆ ಬಿದ್ದಿತು. ನೀರು ಕುಡಿದು ಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದವನು ಮತ್ತೆ ಹತ್ತಲಿಲ್ಲ. ದೊಡ್ಡಮ್ಮ ಒಬ್ಬರೇ ಒಳಗೆ ಹೋದರು. ಎಷ್ಟು ಹೊತ್ತು ಇದ್ದರೋ, ಏನು ಹೇಳಿದರೋ ಅವನು ಕೇಳಲಿಲ್ಲ. ಅವರೂ ಆ ಮಾತು ಮತ್ತೆ ಎತ್ತಲಿಲ್ಲ.

ಅದಾದ ಹದಿನೈದು ದಿನಕ್ಕೆ ಇನ್ನೊಂದು ಕಾಗದ ಬಂತು. ನೆಲಮಾಳಿಗೆಯ ಹೊಣೆ ಯಾರಿಗೆ ಕೊಡಬೇಕೆಂದು ಮೇಲಿನವರು ದೊಡ್ಡಮ್ಮನನ್ನೇ ಕೇಳಿದ್ದರು. ಅವರು ಮಾವನ ಹೆಸರು ಬರೆದಿದ್ದರು. ಮಾವ ಉಗ್ರಾಣಕ್ಕೆ ಓಡಿಹೋಗಿ, ನನ್ನಿಂದಾಗುವುದಿಲ್ಲ ಎಂದ. ದೊಡ್ಡಮ್ಮ ಚಾದರ ಮಡಚುತ್ತಿದ್ದರು. ಇನ್ನೊಂದು ತುದಿ ಹಿಡಿದುಕೋ ಎಂದರು. ಇಬ್ಬರೂ ಹತ್ತಾರು ಚಾದರ ಮಡಚಿದರು. ಕೊನೆಗೆ ಮಾವ ತಡೆಯಲಾರದೆ, ಒಂದು ಸಲ ಬೈದುಬಿಡಿ ದೊಡ್ಡಮ್ಮ ಎಂದು ಅಂಗಲಾಚಿದ.

"ಬೈದ್ರೆ ನಿನಗೆ ಹಗುರ ಆಗತ್ತೆ ಕಣಯ್ಯಾ" ಎಂದರು ಅವರು. "ಆಮೇಲೆ?"

ಮಾವ ದೊಡ್ಡಮ್ಮನ ಕುರ್ಚಿಯಲ್ಲಿ ಕೂತ. ಕೂತ ಎನ್ನುವುದು ಮಾತಿಗೆ. ಮೊದಲ ಕೆಲವು ತಿಂಗಳು ಅವನು ಆ ಕುರ್ಚಿಯ ಪಕ್ಕ ನಿಂತೇ ಕೆಲಸ ಮಾಡಿದ ಎಂದು ಅಲ್ಲಿನವರು ನಗುತ್ತಿದ್ದರು. ತುಂಬುವವರು ಬೇರೆ, ಬಿಡುವವರು ಬೇರೆ ಎಂದು ಹೊಸ ಏರ್ಪಾಡು ಮಾಡಿದ. ವಾರಕ್ಕೊಂದು ದಿನ ತಾನೂ ತೊಳೆಯಲು ನಿಂತ. ಯಾರನ್ನಾದರೂ ತಿದ್ದುವಾಗ ಬಾಗಿಲು ಮುಂದಕ್ಕೆ ಮಾಡಿದ. ಅವನ ಬಾಯಿಂದ ಬರುವ ಮಾತೆಲ್ಲ ದೊಡ್ಡಮ್ಮನದೇ. ಒಮ್ಮೊಮ್ಮೆ ದನಿಯೂ ಅವರದೇ ಆಗಿಬಿಡುತ್ತಿತ್ತು, ಆಗ ಅವನೇ ಬೆಚ್ಚಿ ನಿಲ್ಲುತ್ತಿದ್ದ.

ಇನ್ನು ಬೀದಿಯಲ್ಲಿ ಎದುರಾಗುತ್ತಿದ್ದವನು ಆ ಲೈನ್‌ಮ್ಯಾನ್. ಒಂದೇ ಊರು, ಎಷ್ಟು ದಿನ ತಪ್ಪಿಸಿಕೊಳ್ಳಲು ಸಾಧ್ಯ? ಮಡಚದ ಕಾಲನ್ನು ಪಕ್ಕಕ್ಕೆ ಬೀಸಿ ಬೀಸಿ ನಡೆಯುವ ಆ ಸದ್ದು, ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆತ, ಮಾವನಿಗೆ ಬೀದಿಯ ಆ ತುದಿಯಿಂದಲೇ ತಿಳಿಯುತ್ತಿತ್ತು. ಎದುರಿನ ಪಾದಚಾರಿ ದಾರಿಗೆ ದಾಟುತ್ತಿದ್ದ, ಇಲ್ಲವೆ ಬೇಡದ ಅಂಗಡಿಗೆ ನುಗ್ಗುತ್ತಿದ್ದ. ಹಾಗೆ ನುಗ್ಗಿ ನುಗ್ಗಿ ಮನೆಯಲ್ಲಿ ಏಳು ಛತ್ರಿಗಳಾಗಿದ್ದವು. ಅತ್ತೆಗೆ ಕಾರಣ ಗೊತ್ತಿರಲಿಲ್ಲ. ಇವರಿಗೆ ಛತ್ರಿಯ ಹುಚ್ಚು ಹಿಡಿದಿದೆ ಎಂದು ನನ್ನಮ್ಮನ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಉಗ್ರಾಣಕ್ಕೆ ಹೋದ ನಾಲ್ಕು ವರ್ಷಕ್ಕೆ ದೊಡ್ಡಮ್ಮ ನಿವೃತ್ತರಾದರು. ಮತ್ತೆ ಮೂರು ವರ್ಷಕ್ಕೆ ತೀರಿಕೊಂಡರು. ಹೃದಯ ನಿಂತಿತು, ಯಾರಿಗೂ ತೊಂದರೆ ಕೊಡಲಿಲ್ಲ. ನೆಲಮಾಳಿಗೆಯ ಹಳಬರೆಲ್ಲ ಹೋಗಿ ಬಂದರು. ಮಾವನೂ ಹೋಗಿ, ಎಲ್ಲರ ಹಿಂದೆ ನಿಂತು ಬಂದ.

ಅದರ ಮುಂದಿನ ವಾರದಿಂದ ಅವನಿಗೆ ಅವರು ಕಾಣಿಸತೊಡಗಿದರು.

ಬೆಳಗ್ಗೆ ಎಂಟು ಗಂಟೆ, ಶುದ್ಧ ಮಗ್ಗುಲು. ದೀಪಗಳೆಲ್ಲ ಉರಿಯುತ್ತಿವೆ, ಆಚೆ ಕಡೆ ಜನ ಮಾತಾಡುತ್ತಿದ್ದಾರೆ, ನಲ್ಲಿಯ ನೀರಿನ ಸದ್ದು. ಯಂತ್ರದ ಬಾಗಿಲಿನ ಪಕ್ಕದ ಮೇಜಿನ ಹತ್ತಿರ ಅವರು ಬೆನ್ನು ತಿರುಗಿಸಿ ನಿಂತಿದ್ದರು. ಕೈಯಲ್ಲಿ ಕಾಗದದ ಪಟ್ಟಿ, ಬೆಳಕಿಗೆ ಹಿಡಿದಿದ್ದಾರೆ. ಬಿಗಿದು ಕಟ್ಟಿದ ತುರುಬು, ಬಲ ಹೆಗಲು ತುಸು ಕೆಳಗೆ. ಮಾವ ಬಾಗಿಲಲ್ಲೇ ನಿಂತ. ಯಾರೋ ಹೊರಗಿನಿಂದ ಗಾಡಿ ತಳ್ಳಿಕೊಂಡು ಬಂದರು, ಮೇಜಿನ ಹತ್ತಿರ ಯಾರೂ ಇರಲಿಲ್ಲ. ಮರುದಿನ ಮತ್ತೆ. ಆಮೇಲೆ ವಾರಕ್ಕೆರಡು ಸಲ, ಮೂರು ಸಲ. ಅವರು ಏನೂ ಮಾಡುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ. ತಿರುಗಿ ನೋಡುತ್ತಿರಲಿಲ್ಲ.

ಅವನು ಇದನ್ನು ಮೊದಲು ಹೇಳಿದ್ದು ತನ್ನ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ. ನಾನು ಅಲ್ಲೇ ಹುರುಳಿಕಾಯಿ ಸೋಸುತ್ತ ಕೂತಿದ್ದೆ. ಅಮ್ಮ ಹೆದರಿ, ಯಾರಾದರೂ ಡಾಕ್ಟರಿಗೆ ತೋರಿಸು ಎಂದಳು. ನಾನಿರುವುದೇ ಡಾಕ್ಟರುಗಳ ನಡುವೆ ಎಂದು ಮಾವ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಹೆದರಿಕೆ ಅವರು ಕಾಣಿಸ್ತಾರೆ ಅಂತ ಅಲ್ಲಕ್ಕ. ಒಂದು ದಿನ ಆದ್ರೂ ಈ ಕಡೆ ತಿರುಗಲ್ಲವಲ್ಲ, ಅದು."

ಅಮ್ಮ ನನ್ನ ಮುಂದಿನ ಹುರುಳಿಕಾಯಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ, ಹೋಗಿ ಬರಬೇಕಾದ ಜಾಗಕ್ಕೆ ಹೋಗಿ ಬಾ ಎಂದಳು. ಲೈನ್‌ಮ್ಯಾನ್ ವಿಷಯ ಮನೆಯವರಲ್ಲಿ ಅವಳಿಗೆ ಮಾತ್ರ ಗೊತ್ತಿತ್ತು.

ಆ ಲೈನ್‌ಮ್ಯಾನ್ ಆಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿಯ, ಕೀಲಿ ಮಾಡಿಕೊಡುವ ಒಂದು ಗೂಡಂಗಡಿ ಇಟ್ಟಿದ್ದ. ಕಂಬ ಹತ್ತುತ್ತಿದ್ದವನಿಗೆ ಈಗ ಕೂತು ಮಾಡುವ ಕೆಲಸ. ಮಾವ ಮಧ್ಯಾಹ್ನ ಹೋದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಯ ತುಂಬ ಕೊರೆಯದ ಕೀಲಿಗಳು ತೂಗುತ್ತಿದ್ದವು. ಚಾಚಿಟ್ಟ ಕಾಲಿನ ಕೆಳಗೆ ಒಂದು ಗೋಣಿಚೀಲ ಮಡಚಿ ಇಟ್ಟುಕೊಂಡು ಅವನು ಒಂದು ಬೀಗ ಬಿಚ್ಚುತ್ತಿದ್ದ. ಯಾವ ಕೀಲಿ ಬೇಕು ಎಂದು ತಲೆಯೆತ್ತದೆ ಕೇಳಿದ. ಮಾವ ಎಂಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದ. ಆ ದಿನ ಆ ಟ್ರೇ ಬಿಟ್ಟವನು ನಾನು. ಗಂಟು ಬಿಚ್ಚದೆ ಸಹಿ ಹಾಕಿದೆ.

ಬೀಗದವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಮಾವನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಆ ಗಿಡ್ಡಮ್ಮ ಹೇಳಿದ್ರು, ಇನ್ನೊಬ್ಬರು ಬರ್ತಾರೆ ಅಂತ" ಎಂದ. "ಮೊದಮೊದಲು ಕಾಯ್ತಿದ್ದೆ. ಆಮೇಲೆ ಬಿಟ್ಟೆ."

ದೊಡ್ಡಮ್ಮ ಅವನ ಹತ್ತಿರ ಏಳು ವರ್ಷವೂ ಬಂದುಹೋಗುತ್ತಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಬಂದು, ಸ್ಟೂಲಿನ ಮೇಲೆ ಕೂತು, ಕಾಲು ಹೇಗಿದೆ ಎಂದು ಕೇಳಿ, ಚಳಿಯಲ್ಲಿ ಎಲ್ಲಿ ನೋಯುತ್ತದೆ, ಮೆಟ್ಟಿಲು ಹೇಗೆ ಹತ್ತುತ್ತೀ ಎಂದೆಲ್ಲ ವಿಚಾರಿಸಿ ಹೋಗುತ್ತಿದ್ದರು. ಕೀಲಿ ಕೊರೆಯುವ ಕೆಲಸ ಕಲಿಯಲು ಇವನನ್ನು ಒಬ್ಬರ ಬಳಿ ಸೇರಿಸಿದ್ದೂ ಅವರೇ. ಒಮ್ಮೆ ಇವನು ರೇಗಿ, ಆ ಇನ್ನೊಬ್ಬರು ಯಾರು, ಹೆಸರು ಹೇಳಿ ಎಂದಿದ್ದ. ಹೆಸರು ಹೇಳುವುದು ಅವನ ಕೆಲಸ, ಅದನ್ನು ನಾನು ಕಿತ್ತುಕೊಳ್ಳಬಾರದು ಎಂದಿದ್ದರಂತೆ. ಬರದಿದ್ದರೆ ಎಂದು ಕೇಳಿದ್ದಕ್ಕೆ, ಬರುತ್ತಾನೆ, ಸ್ವಲ್ಪ ನಿಧಾನ ಅಷ್ಟೆ ಎಂದಿದ್ದರಂತೆ.

ಮಾವ ಆ ಸ್ಟೂಲಿನ ಮೇಲೆ ಕೂತ. ಅವರು ತೀರಿಕೊಂಡದ್ದು ಬೀಗದವನಿಗೆ ಗೊತ್ತಿರಲಿಲ್ಲ. ಈಚೆಗೆ ಯಾಕೋ ಬಂದಿಲ್ಲ ಎಂದುಕೊಂಡಿದ್ದ. ಮಾವನ ಬಾಯಿಂದಲೇ ಆ ಸುದ್ದಿಯನ್ನೂ ಕೇಳಿದ.

ಕ್ಷಮಿಸಿ ಎಂದು ಮಾವ ಕೇಳಿದಾಗ ಅವನು ತಲೆ ಅಲ್ಲಾಡಿಸಿದ. "ಅದೆಲ್ಲ ನನಗೆ ಗೊತ್ತಾಗಲ್ಲ. ನನ್ನ ಮಂಡಿ ದಿನಾ ಬೆಳಗ್ಗೆ ನನ್ನ ಜೊತೆ ಜಗಳ ಆಡತ್ತೆ, ಇವತ್ತೂ ಆಡ್ತು. ಆ ಕೋಣೆ ಒಂದ್ಸಲ ತೋರಿಸ್ತೀರಾ?"

ಮಾವ ಅನುಮತಿ ಪಡೆದು ಅವನನ್ನು ಕರೆದುಕೊಂಡು ಹೋದ. ನೆಲಮಾಳಿಗೆಯ ಮೆಟ್ಟಿಲುಗಳನ್ನು ಅವನು ಒಂದೊಂದಾಗಿ, ಕಾಲನ್ನು ಮುಂದೆ ಬೀಸಿ, ಕಂಬಿ ಹಿಡಿದು ಇಳಿದ. ಕೈ ಕೊಡಲು ಹೋದ ಮಾವನಿಗೆ ಬೇಡ ಎಂದ. ಗಾಜಿನಾಚೆ ನಿಂತು, ತೊಳೆಯುವುದನ್ನೂ ಸುತ್ತುವುದನ್ನೂ ಯಂತ್ರ ಬಾಯಿ ತೆರೆಯುವುದನ್ನೂ ನೋಡಿದ. ಒಬ್ಬಾಕೆ ಗಂಟು ಬಿಚ್ಚಿ ಪಟ್ಟಿ ತೆಗೆದು, ಪಕ್ಕದವಳಿಗೆ ತೋರಿಸಿದಳು. ಇಬ್ಬರೂ ಸಹಿ ಹಾಕಿದರು. ಇಷ್ಟೇನಾ ಎಂದು ಕೇಳಿದ ಬೀಗದವನು. ಇಷ್ಟೇ ಎಂದ ಮಾವ. ಅವನು ಗಾಜಿಗೆ ಹಣೆಯೊತ್ತಿ ಸುಮಾರು ಹೊತ್ತು ನಿಂತಿದ್ದ. ಆ ಹೊತ್ತಿನಷ್ಟು ಉದ್ದದ ಹೊತ್ತನ್ನು ತಾನು ಬದುಕಿನಲ್ಲಿ ಕಂಡಿಲ್ಲ ಎಂದು ಮಾವ ಹೇಳುತ್ತಿದ್ದ.

ಇಷ್ಟಾದ ಮೇಲೆ ದೊಡ್ಡಮ್ಮ ಕಾಣಿಸುವುದು ನಿಂತಿರಬೇಕು ಎಂದು ನಾನು ಎಣಿಸಿದ್ದೆ. ನಿಲ್ಲಲಿಲ್ಲ. ಮುಂದೆ ಹನ್ನೆರಡು ವರ್ಷ, ಮಾವ ಅಲ್ಲಿದ್ದಷ್ಟು ದಿನವೂ ಅವರು ಎಂಟು ಗಂಟೆಗೆ ಬರುತ್ತಿದ್ದರು, ಬೆನ್ನು ತಿರುಗಿಸಿಕೊಂಡೇ ಇರುತ್ತಿದ್ದರು. ಬದಲಾದದ್ದು ಮಾವ. ಒಂದು ಬೆಳಗ್ಗೆ ಅವನಿಗೆ ಹೊಳೆಯಿತಂತೆ: ಬದುಕಿದ್ದಾಗಲೂ ಆ ಹೊತ್ತಿನಲ್ಲಿ ಅವರು ಯಾರ ಕಡೆಗೂ ತಿರುಗಿದವರಲ್ಲ. ಪಟ್ಟಿ ನೋಡುತ್ತಿರುವಾಗ ಹಿಂದೆ ಬೆಂಕಿ ಬಿದ್ದರೂ ತಿರುಗುತ್ತಿರಲಿಲ್ಲ. ತನ್ನ ಮೇಲೆ ಮುನಿಸು ಎಂದು ತಾನು ತಿಳಿದದ್ದು ಅವರ ಕೆಲಸವಷ್ಟೇ ಆಗಿತ್ತೋ ಏನೋ. ಗೊತ್ತಿಲ್ಲ ಎಂದ. ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ.

ನಿವೃತ್ತಿಯ ದಿನ ಅವನಿಂದ ಎರಡು ಮಾತಾಡಿಸಲು ಎಲ್ಲರೂ ಹಟ ಹಿಡಿದರು. ಕೆಳಗಿದ್ದ ಹದಿನಾಲ್ಕು ಜನರಲ್ಲಿ ದೊಡ್ಡಮ್ಮನನ್ನು ಕಂಡವರು ಇಬ್ಬರೇ. ಮಾವ ತನ್ನ ಬಗ್ಗೆ ಏನೂ ಹೇಳದೆ, ಐದಡಿಯೂ ಇಲ್ಲದ ಒಬ್ಬ ಹೆಂಗಸು ಹೇಗೆ ಫೋನ್ ಇಸಿದುಕೊಂಡಳು, ಹೇಗೆ ಚಾದರ ಮಡಚಿದಳು ಎಂದು ಹೇಳಿದ. ತನ್ನ ಸಹಿಯ ಕತೆಯನ್ನೂ ಮುಚ್ಚಿಡದೆ ಹೇಳಿದ. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಾಕೆ ಎದ್ದುಹೋಗಿ ಆ ಮಧ್ಯಾಹ್ನದ ಗಂಟನ್ನು ಇನ್ನೊಮ್ಮೆ ನೋಡಿ ಬಂದಳಂತೆ.

ಮನೆಯಲ್ಲಿ ಅವನಿಗೆ ಒಗ್ಗಲಿಲ್ಲ. ದೊಡ್ಡಮ್ಮ ಇಲ್ಲಿಗೂ ಬರುತ್ತಾರಾ ಎಂದು ನಾನೊಮ್ಮೆ ಕೇಳಿದೆ. ಮನೆಗೆ ಯಾಕೆ ಬರ್ತಾರೆ, ಅವರಿಗೆ ಕೆಲಸ ಇಲ್ವಾ ಎಂದ. ಆಮೇಲೆ, ಕಣ್ಣೆದುರು ಆ ಬೆನ್ನಿಲ್ಲದೆ ಇರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ ಎಂದ.

ಕಳೆದ ತಿಂಗಳು ನಾನು ಒಂದು ದಿನ ಬೆಳಗ್ಗೆ ಎಂಟರ ಹೊತ್ತಿಗೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಅಲ್ಲಿ ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಜಾಲರಿಯಿದೆ, ಅದರಿಂದ ಬೆಚ್ಚಗಿನ ಹಬೆ ರಸ್ತೆಗೆ ಬರುತ್ತದೆ. ಜನ ಅದನ್ನು ಸುತ್ತಿಕೊಂಡು ಹೋಗುತ್ತಾರೆ. ಮಾವ ಅದರ ನಡುವೆಯೇ ನಿಂತಿದ್ದ, ಕನ್ನಡಕವೆಲ್ಲ ಮಂಜಾಗಿತ್ತು. ನಾನು ಹತ್ತಿರ ಹೋಗಿ ತೋಳು ಮುಟ್ಟಿದೆ. ಅವನು ನನ್ನ ಕಡೆ ತಿರುಗಲಿಲ್ಲ, ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ. ಒಳಗೆಲ್ಲೋ ಯಂತ್ರ ಉಸಿರು ಬಿಟ್ಟ ಸದ್ದು ಕೇಳಿಸಿತು.

"ಇವತ್ತು ಮೊದಲನೇ ಹಬೆ ಹತ್ತು ನಿಮಿಷ ತಡ" ಎಂದ. "ಪರವಾಗಿಲ್ಲ. ಪಟ್ಟಿ ನೋಡ್ತಾ ಇದ್ದಾರೆ."